ಹಿಂದಿನ ಸಾಲಿನ ಪಾರವ್ವ

ಪ್ರಲ್ಹಾದ ಜಾಲಿಹಾಳ ತಳೇಗಾಂವ ದಾಭಾಡೆಯ ಪಂಪಿನ ಕಾರ್ಖಾನೆಯೊಂದರಲ್ಲಿ ನೌಕರಿಗಿದ್ದ. ಯಾವ ಯಂತ್ರದ ಮೇಲೆ ಯಾವ ಹೊತ್ತಿಗೆ ಯಾವ ಕೆಲಸ ಕೂರಬೇಕು, ಒಂದು ಇಳಿದು ಇನ್ನೊಂದು ಏರಲು ಎಷ್ಟು ಸಮಯ ಬೇಕು ಎಂದು ಹಾಳೆಯ ಮೇಲೆ ಹೊಂದಿಸಿಕೊಡುವುದು ಅವನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ್ದರಿಂದ ಹಾಳೆ ನೋಡಿದರೆ ಸಾಕು, ಎಲ್ಲಿ ತೊಡಕು ಬೀಳುತ್ತದೆ ಎಂದು ಅವನಿಗೆ ತಿಳಿಯುತ್ತಿತ್ತು. ಸಂಗೀತದ ಹುಚ್ಚೂ ಇತ್ತು. ಈ ಎರಡನ್ನೂ ಗುರುತಿಸಿದವರು ರಘುರಾಮ ಪರಚುರೆ. ನಿವೃತ್ತ ಆರ್ಕಿಟೆಕ್ಟ್, ನಾಲ್ಕು ಖಂಡ ಸುತ್ತಿ ಬಂದವರು, ಪ್ರತಿ ಜನವರಿಯಲ್ಲಿ ಪುಣೆಯಲ್ಲಿ ಮೂರು ಸಂಜೆ ನಡೆಯುವ ಲೋಕನಾದ ಉತ್ಸವದ ಸ್ಥಾಪಕರು. ಯಾರನ್ನು ಕರೆಸಬೇಕೆನ್ನುವುದು ಅವರ ಕೈಯಲ್ಲಿತ್ತು. ಯಾರ ನಂತರ ಯಾರು, ಎಷ್ಟು ಹೊತ್ತು ಎನ್ನುವುದನ್ನು ಪ್ರಲ್ಹಾದನಿಗೆ ಬಿಟ್ಟಿದ್ದರು.

ಅದು ಹೊರಗಿನಿಂದ ಕಾಣುವಷ್ಟು ಸುಲಭದ ಕೆಲಸವಲ್ಲ. ಮಣಿಪುರದ ಡೋಲಿನವರು ಇಳಿದ ಮೇಲೆ ತೆಳು ದನಿಯ ಬಂಗಾಳದ ಬಾವುಲ ಹಾಡುಗಾರನನ್ನು ಏರಿಸಿದರೆ ಅವನು ಬಾಯಿ ತೆರೆದದ್ದೇ ಕೇಳಿಸುವುದಿಲ್ಲ. ಜನರ ಕಿವಿ ಇನ್ನೂ ಡೋಲಿನಲ್ಲೇ ಇರುತ್ತದೆ. ನಡುವೆ ತಂತಿವಾದ್ಯ ಒಂದಿರಬೇಕು. ಮೈಕು ಬದಲಿಸಲು ಆರು ನಿಮಿಷ ಬೇಕು, ಆ ಆರು ನಿಮಿಷ ನಿರೂಪಕಿ ಸ್ನೇಹಲ್ ಮಾತಾಡಬೇಕು, ಆಕೆ ಮಾತಾಡಲು ಏನಾದರೂ ಬರೆದು ಕೊಡಬೇಕು. ವಾರದ ಎರಡು ಸಂಜೆ ಧನಕವಡಿಯ ತನ್ನ ಮನೆಯಲ್ಲಿ ಊಟದ ಮೇಜಿನ ತುಂಬ ಹಾಳೆ ಹರವಿಕೊಂಡು ಅವನು ಇದನ್ನೆಲ್ಲ ಮಾಡುತ್ತಿದ್ದ. ಹೆಂಡತಿ ಇಂದೂ ತಟ್ಟೆ ಇಡಲು ಜಾಗ ಕೇಳಿದರೆ ಸೆನೆಗಾಲ್ ತಂಡವನ್ನು ಸ್ವಲ್ಪ ಆಚೆ ಸರಿಸುತ್ತಿದ್ದ.

ಅವನಿಗೆ ಒಂದೇ ಆಸೆ ಉಳಿದಿತ್ತು. ಪುಣೆಯ ಮಂದಿಗೆ ಕನ್ನಡವೆಂದರೆ ಧಾರವಾಡದ ಖ್ಯಾಲು ಗಾಯನ. ಅದರಾಚೆ ನಮ್ಮ ಹಳ್ಳಿಗಳಲ್ಲಿ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತೊಂದರಲ್ಲಿ ಸವದತ್ತಿ ಕಡೆಯ ಹಳ್ಳಿಯೊಂದಕ್ಕೆ ನೆಂಟರ ಮದುವೆಗೆ ಹೋದಾಗ, ಬೆಳಗಿನ ಜಾವ ಪಕ್ಕದ ಮನೆಯಿಂದ ಬೀಸುವ ಪದ ಕೇಳಿಸಿತ್ತು. ಇಬ್ಬರು ಹೆಂಗಸರು, ಒಂದು ಕಲ್ಲು. ಅವನು ಟೇಪ್ ರೆಕಾರ್ಡರ್ ತೆಗೆದುಕೊಂಡು ಓಡಿದ್ದ. ಮುಂದಿನ ಸಾಲು ಎತ್ತುವಾಕೆ ಭೀಮವ್ವ, ಗಟ್ಟಿ ಮೈಕಟ್ಟಿನ, ಗಟ್ಟಿ ದನಿಯ ಹೆಂಗಸು. ಆಕೆ ಸಾಲು ಎತ್ತಿ ಅರ್ಧಕ್ಕೆ ಬಿಟ್ಟರೆ ಎದುರಿಗೆ ಕೂತ ಪಾರವ್ವ ಅದನ್ನು ಹಿಡಿದು ಮುಗಿಸುತ್ತಿದ್ದಳು.

*ಕಲ್ಲು ತಿರುಗಿದ ಹಾಂಗ ಕಾಲ ತಿರುಗ್ಯಾವ ತಂಗಿ* ಎಂದು ಭೀಮವ್ವ.

*ತೌರೂರ ದಾರಿ ತಿರುಗಿಲ್ಲ* ಎಂದು ಪಾರವ್ವ.

ಒಬ್ಬಳ ಉಸಿರು ಮುಗಿಯುವುದಕ್ಕೂ ಇನ್ನೊಬ್ಬಳ ದನಿ ಏಳುವುದಕ್ಕೂ ನಡುವೆ ಕೂದಲೆಳೆಯಷ್ಟೂ ಸಂದಿರಲಿಲ್ಲ. ಆ ಕ್ಯಾಸೆಟ್ಟನ್ನು ಪ್ರಲ್ಹಾದ ಮೂರು ವರ್ಷ ಉತ್ಸವ ಸಮಿತಿಯವರ ಕಿವಿಗೆ ಹಾಕುತ್ತಲೇ ಇದ್ದ. ತೊಂಬತ್ತೆಂಟರ ಉತ್ಸವಕ್ಕೆ ಪರಚುರೆ ಒಪ್ಪಿದರು. ಎರಡನೆಯ ಸಂಜೆ, ಹಂಗೇರಿಯ ಪಿಟೀಲಿನವರ ನಂತರ, ಹದಿನಾಲ್ಕು ನಿಮಿಷ. ಪ್ರಲ್ಹಾದ ಭೀಮವ್ವನ ಮಗ ಮಾಂತುವಿಗೆ ಕಾಗದ ಬರೆದ, ಮೂರು ಟಿಕೀಟು ಕಳಿಸಿದ, ಕಾತ್ರಜದಿಂದ ಒಂದು ಹಳೆಯ ಬೀಸುಕಲ್ಲನ್ನೂ ಹುಡುಕಿ ತರಿಸಿದ.

ಕಾರ್ಯಕ್ರಮದ ದಿನ ಬೆಳಿಗ್ಗೆ ಸ್ವಾರಗೇಟಿನಲ್ಲಿ ಬೆಳಗಾವಿಯ ಬಸ್ಸು ಬಂದು ನಿಂತಾಗ ಅವನು ಇಬ್ಬರು ಹೆಂಗಸರಿಗಾಗಿ ಕಾಯುತ್ತಿದ್ದ. ಮೊದಲು ಮಾಂತು ಇಳಿದ. ನಲವತ್ತು ದಾಟಿದ ಆಳು, ಕೈಯಲ್ಲಿ ರೊಟ್ಟಿಯ ಗಂಟು. ಅವನ ಹಿಂದೆ ಸಣ್ಣಗೆ, ಕೆಂಪು ಸೆರಗಿನ ಇಳಕಲ್ ಸೀರೆಯಲ್ಲಿ ಪಾರವ್ವ ಇಳಿದಳು. ಅವಳ ಹಿಂದೆ ಯಾರೂ ಇಳಿಯಲಿಲ್ಲ.

"ಭೀಮವ್ವನವರು?" ಎಂದ ಪ್ರಲ್ಹಾದ.

ಮಾಂತು ಅವನ ಮುಖ ನೋಡಿದ. "ನನ್ನ ಕಾರ್ಡು ಮುಟ್ಟಲಿಲ್ಲೇನ್ರಿ?"

"ಯಾವ ಕಾರ್ಡು?"

"ಅವ್ವಗ ಲಕ್ವಾ ಹೊಡದದ್ರಿ, ಇಪ್ಪತ್ತು ದಿನಾತು. ಬಲಗೈ ಬಿದ್ದದ, ಬಾಯಿ ಬಿದ್ದದ. ಬರೂದೋ ಬ್ಯಾಡೋ ಹೇಳ್ರಿ ಅಂತ ಬರದಿದ್ದೆ. ನಿಮ್ಮ ಉತ್ತರಾ ಬರಲಿಲ್ಲ. ಮಾತು ಕೊಟ್ಟಾಗೇದ, ಟಿಕೀಟು ಬಂದಾವ, ಪಾರತ್ತಿನರ ಕರಕೊಂಡ ಹೋಗೂಣು ಅಂತ ಬಂದ್ವಿರಿ."

ಆ ಕಾರ್ಡು ಉತ್ಸವದ ಕಚೇರಿಯಲ್ಲಿ ಸಿಕ್ಕಿತು, ವಾರದ ಹಿಂದೆಯೇ ಬಂದದ್ದು. "ತೆಲುಗು ಇರಬೇಕು ಅಂತ ಆಂಧ್ರದ ತಂಡದ ಫೈಲಿನಲ್ಲಿ ಇಟ್ಟಿದ್ದೆ" ಎಂದು ಸ್ನೇಹಲ್ ನಾಲಿಗೆ ಕಚ್ಚಿಕೊಂಡಳು.

ಮನೆಯಲ್ಲಿ ಇಂದೂ ಚಹ ಕೊಟ್ಟಳು. ಪಾರವ್ವ ಕುರ್ಚಿ ಬೇಡವೆಂದು ಗೋಡೆಗೆ ಆತು ನೆಲದ ಮೇಲೆ ಕೂತಳು. ಪ್ರಲ್ಹಾದ ಎದುರಿಗೆ ಕೂತು ಮೆಲ್ಲಗೆ ಕೇಳಿದ.

"ಪಾರವ್ವಾ, ಮುಂದಿನ ಸಾಲೂ ನೀವೇ ಹಾಡಿಬಿಟ್ರ? ಮೂವತ್ತು ವರ್ಷ ಕೇಳೀರಿ, ಎಲ್ಲಾ ಬರತಾವಲ್ಲ."

"ಎಲ್ಲಿಂದ ಬರತಾವ್ರಿ? ಅಕಿ ಕುಂತಲ್ಲೆ ಕಟ್ಟತಾಳ. ಇವತ್ತ ಕಟ್ಟಿದ್ದು ನಾಳಿಗಿ ಅಕಿಗೇ ನೆನಪಿರೂದುಲ್ಲ. ಸಾಲು ಎಲ್ಲಿಗೆ ಬಂದು ಬೀಳತದ ಅಂತ ನನಗ ಗೊತ್ತಾಗತದ, ನಾ ಹಿಡೀತೀನಿ. ಅಷ್ಟ ನನ್ನ ಕೆಲಸ. ನಾ ಹಿಂದಿನಾಕಿ ರೀ."

"ಒಂದು ಸಲ ಎತ್ತಿ ನೋಡ್ರಿ."

ಅವಳು ಬಾಯಿ ತೆರೆದಳು. ಕೊರಳು ಅಲುಗಿತು. ಮತ್ತೆ ಬಾಯಿ ಮುಚ್ಚಿ, ನಾಚಿಕೆಯಿಂದ ಸೆರಗು ಅಡ್ಡ ಹಿಡಿದು ನಕ್ಕಳು. "ಬರೂದುಲ್ರೀ."

ಆಗ ಪ್ರಲ್ಹಾದನಿಗೆ ಕ್ಯಾಸೆಟ್ಟು ನೆನಪಾಯಿತು. ಹಾಕಿದ. ಕಲ್ಲಿನ ಗರಗರದ ನಡುವಿನಿಂದ ಭೀಮವ್ವನ ದನಿ ಎದ್ದು ಬಂತು. ಪಾರವ್ವ ಬೆಚ್ಚಿ ನೆಟ್ಟಗೆ ಕೂತಳು. ಎರಡನೆಯ ಸಾಲಿಗೆ, ಟೇಪಿನೊಳಗಿನ ಏಳು ವರ್ಷ ಕಿರಿಯ ಪಾರವ್ವನ ಜೊತೆಗೆ ತಾನೂ ಸಾಲು ಹಿಡಿದಳು. ಮಾಂತು ಎದ್ದು ಬಾಲ್ಕನಿಗೆ ಹೋಗಿ ನಿಂತ. ತಾಯಿಯ ದನಿ ಕೇಳಿ ಅವನಿಗೆ ಇಪ್ಪತ್ತು ದಿನವಾಗಿತ್ತು. ಪಾರವ್ವ ಟೇಪು ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ ಹಾಕಿಸಿದಳು.

ಪ್ರಲ್ಹಾದ ಸೀದಾ ಪರಚುರೆಯವರ ಬಳಿ ಓಡಿದ. ವೇದಿಕೆಯ ಮೇಲೆ ಭೀಮವ್ವನ ದನಿಯನ್ನು ಟೇಪಿನಿಂದ ಬಿಡೋಣ, ಪಾರವ್ವ ಕೂತು ಉತ್ತರ ಕೊಡುತ್ತಾಳೆ ಎಂದ. ಪರಚುರೆ ಆಗದೆಂದು ತಲೆಯಾಡಿಸಿದರು. ಹಿಂದಿನ ವರ್ಷ ಒಂದು ತಂಡ ಧ್ವನಿಮುದ್ರಿಕೆಗೆ ತುಟಿ ಆಡಿಸಿ ಸಿಕ್ಕಿಬಿದ್ದ ಮೇಲೆ ಅವರೇ ನಿಯಮ ಮಾಡಿದ್ದರು. ಉತ್ಸವದಲ್ಲಿ ಮುದ್ರಿತ ಧ್ವನಿ ಕೂಡದು.

"ಹಾಗಾದರೆ ಕಾರ್ಯಕ್ರಮ ಕೈಬಿಡೋಣ ಸರ್."

"ಪುಸ್ತಿಕೆ ಅಚ್ಚಾಗಿದೆ, ಪ್ರಲ್ಹಾದರಾವ್. ಆಕೆ ಎಷ್ಟು ಬರುತ್ತದೋ ಅಷ್ಟು ಹಾಡಲಿ. ಜನ ಸಹೃದಯರು."

ಸಂಜೆ ಏಳೂವರೆಗೆ ಪಿಟೀಲಿನವರು ಕುಣಿಕುಣಿದು ಇಳಿದರು. ಪಾರವ್ವ ವೇದಿಕೆಯ ನಡುವೆ ಕಲ್ಲಿನ ಒಂದು ಬದಿಗೆ ಕೂತಳು, ಇನ್ನೊಂದು ಬದಿ ಖಾಲಿ ಬಿಟ್ಟು. ಒಂದೇ ಕೈಯಲ್ಲಿ ಕಲ್ಲು ತಿರುಗಿಸಿದಳು. ಸಾವಿರದಿನ್ನೂರು ಜನ ಕಾದರು. ಪಾರವ್ವ ತಲೆ ಬಾಗಿಸಿ ಏನನ್ನೋ ಆಲಿಸುತ್ತಿದ್ದಳು. ಹತ್ತು ಸೆಕೆಂಡು, ಹದಿನೈದು ಸೆಕೆಂಡು. ಬದಿಯ ಪರದೆಯ ಹಿಂದೆ ನಿಂತ ಪ್ರಲ್ಹಾದ ಕೈಗಡಿಯಾರ ನೋಡಿದ. ಆಮೇಲೆ ಅವಳು ತಲೆ ಎತ್ತಿ ಹಾಡಿದಳು.

*ತೌರೂರ ದಾರಿ ತಿರುಗಿಲ್ಲ.*

ಮತ್ತೆ ಮೌನ. ಬರೀ ಕಲ್ಲಿನ ಸದ್ದು. ಆಗ ಅವನಿಗೆ ಹೊಳೆಯಿತು. ಬೆಳಿಗ್ಗೆ ಕೇಳಿದ ಟೇಪು ಅವಳ ಕಿವಿಯಲ್ಲಿ ನಡೆಯುತ್ತಿತ್ತು. ಭೀಮವ್ವನ ಸಾಲನ್ನು ಪೂರ್ತಿ ಮುಗಿಯಗೊಟ್ಟು, ಅದು ಎಲ್ಲಿ ಬಂದು ಬೀಳುತ್ತದೋ ಅಲ್ಲಿ ತನ್ನದನ್ನು ಹಿಡಿಯುತ್ತಿದ್ದಳು. ಹದಿನಾಲ್ಕು ನಿಮಿಷ ಹೀಗೇ ನಡೆಯಿತು. ಪ್ರತಿ ಸಾಲಿನ ಮೊದಲರ್ಧ ಪ್ರಲ್ಹಾದನಿಗೆ ಒಳಗೊಳಗೇ ಕೇಳಿಸಿತು. ಉಳಿದವರಿಗೆ ಕೇಳಿಸಿದ್ದು ಬರೀ ಬಾಲ.

ಮುಗಿದಾಗ ಜನ ಮೊದಲು ಉಸಿರೆತ್ತಲಿಲ್ಲ. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಿಟೀಲಿನವರ ಮುಖ್ಯಸ್ಥ ಕಣ್ಣೊರೆಸಿಕೊಳ್ಳುತ್ತಿದ್ದ. ಪರಚುರೆ ಓಡಿಬಂದು ಪ್ರಲ್ಹಾದನ ಎರಡೂ ಭುಜ ಹಿಡಿದರು.

"ಎಂಥ ಪರಂಪರೆ! ಆ ಮೌನ! ಆ ಮೌನವನ್ನೇ ಆಕೆ ಹಾಡುತ್ತಾಳಲ್ಲ! ನೀವು ಇದನ್ನು ನನಗೆ ಹೇಳಲೇ ಇಲ್ಲ."

"ಸರ್, ಅದು ಪರಂಪರೆ ಅಲ್ಲ. ಇನ್ನೊಬ್ಬಾಕೆ ಬಂದಿಲ್ಲ. ಹಾಡು ಅರ್ಧ ಇದೆ."

"ಹೌದು, ಹೌದು, ಅರ್ಧ! ಇನ್ನರ್ಧ ಕೇಳುವವನ ಮನಸ್ಸಿನಲ್ಲಿ!"

ಪ್ರಲ್ಹಾದ ಇನ್ನೊಮ್ಮೆ ಹೇಳಿದ, ಮರಾಠಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ. ಪರಚುರೆ ತಲೆದೂಗುತ್ತಲೇ ಇದ್ದರು, ಕಣ್ಣು ವೇದಿಕೆಯ ಮೇಲೇ ಇತ್ತು. ಮರುದಿನ ಪತ್ರಿಕೆಯಲ್ಲಿ ಬಂತು: ಕರ್ನಾಟಕದ ಅಪರೂಪದ ಮೌನಗಾಯನ. ಪ್ರಲ್ಹಾದ ಸಂಪಾದಕರಿಗೆ ಪತ್ರ ಬರೆದ. ಅದು ಅಚ್ಚಾಗಲಿಲ್ಲ. ಮುಂದಿನ ವರ್ಷದ ಪುಸ್ತಿಕೆಗೆ ಅವನು ಬರೆದುಕೊಟ್ಟ ಟಿಪ್ಪಣಿಯಲ್ಲಿ ಭೀಮವ್ವನ ಹೆಸರಿತ್ತು, ಲಕ್ವಾದ ಸಂಗತಿ ಇತ್ತು. ಯಾರೋ ಅದನ್ನು ತಿದ್ದಿದರು. ಕಾಯಿಲೆಯ ವಿಷಯ ಉತ್ಸವದ ಪುಸ್ತಿಕೆಗೆ ಒಗ್ಗುವುದಿಲ್ಲವಂತೆ.

ಪಾರವ್ವನಿಗೆ ಕರೆಗಳು ಬರತೊಡಗಿದವು. ದಿಲ್ಲಿಗೆ ಹೋದಳು, ಪಣಜಿಗೆ ಹೋದಳು, ಪುಣೆಗೆ ಮತ್ತೆ ಬಂದಳು. ಮಾಂತು ಜೊತೆಗಿರುತ್ತಿದ್ದ. ಪ್ರಲ್ಹಾದನ ಮನೆಯಲ್ಲಿ ಉಳಿದಾಗಲೆಲ್ಲ ಅವಳು ಆ ಟೇಪು ಹಾಕಿಸಿಕೊಂಡು ಕೇಳುತ್ತಿದ್ದಳು. ಒಮ್ಮೆ ಇಂದೂ ಕೇಳಿದಳು: "ಇಷ್ಟು ಮಂದಿ ಕೊಂಡಾಡತಾರ, ನಿಮಗ ಹೆಂಗನಸ್ತದ್ರಿ?"

"ಮಂದಿ ಭಾಳ ಛೊಲೊ ಇದ್ದಾರವ್ವಾ. ಆದ್ರ ಯಾಕ ಇಷ್ಟ ಸುಮ್ಮಕ ಕುಂಡ್ರತಾರ? ನನಗ ಅಂಜಿಕಿ ಬರತದ. ನಮ್ಮ ಕಡೆ ಯಾರರ ಸತ್ತಲ್ಲೆ ಹಂಗ ಕುಂಡ್ರತೀವಿ."

ಇಂದೂ ಗಂಡನ ಕಡೆ ನೋಡಿದಳು. ಅವನು ಹಾಳೆಯ ಕಡೆ ನೋಡಿದ.

ಎರಡು ಸಾವಿರನೆಯ ಇಸವಿಯ ಕೊನೆಗೆ ಮಾಂತುವಿನ ಕಾಗದ ಬಂತು. ಈ ಸಲ ಪ್ರಲ್ಹಾದನ ಮನೆಯ ವಿಳಾಸಕ್ಕೇ ಬಂದಿತ್ತು. ಅವ್ವ ಸುಧಾರಿಸಿದ್ದಾಳೆ, ಕೋಲು ಹಿಡಿದು ಓಡಾಡುತ್ತಾಳೆ, ಮಾತು ತೊದಲುತ್ತದೆ, ಹಾಡು ಮಾತ್ರ ಮಾತಿಗಿಂತ ಚೆನ್ನಾಗಿ ಬರುತ್ತದೆ, ಮತ್ತೆ ಸಾಲು ಕಟ್ಟುತ್ತಿದ್ದಾಳೆ. ಪ್ರಲ್ಹಾದ ಆ ಕಾಗದ ಹಿಡಿದು ಪರಚುರೆಯವರ ಮನೆಗೆ ಹೋದ. ಮೂರು ವರ್ಷಗಳಲ್ಲಿ ಅವನು ಅಷ್ಟು ಹುರುಪಿನಿಂದ ಯಾರ ಮನೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ.

"ಸರ್, ಈ ಜನವರಿಗೆ ಇಬ್ಬರೂ ಬರುತ್ತಾರೆ. ಪೂರ್ತಿ ಹಾಡು ಕೇಳಿಸೋಣ."

ಪರಚುರೆ ಗಲ್ಲ ಸವರಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. "ಪ್ರಲ್ಹಾದರಾವ್, ಸಂತೋಷದ ಸುದ್ದಿ. ಆದರೆ ಯೋಚಿಸಿ. ಇಬ್ಬರು ಕೂತು ಹಾಡುವ ಬೀಸುವ ಪದ ನಮ್ಮ ಮಹಾರಾಷ್ಟ್ರದಲ್ಲೂ ಹಳ್ಳಿಹಳ್ಳಿಗೆ ಇದೆ. ಈ ಸಲ ಮೂರು ದೇಶದ ಉತ್ಸವದವರು ನೋಡಲು ಬರುತ್ತಿದ್ದಾರೆ. ಅವರು ಬರುತ್ತಿರುವುದು ಪಾರೂಬಾಯಿಯ ಮೌನಕ್ಕೆ. ಆ ಇನ್ನೊಬ್ಬ ಅಜ್ಜಿಯನ್ನೂ ಕರೆಸಿ, ಮುಂದಿನ ಸಾಲಿನಲ್ಲೇ ಕೂರಿಸೋಣ. ಕೇಳಲಿ ಪಾಪ."

"ಸರ್, ಹಾಡು ಆಕೆಯದು."

"ಹಾಗಂತ ಈಗ ಹೇಳಿದರೆ, ಮೂರು ವರ್ಷ ನಾವು ಹೇಳಿದ್ದು ಏನಾಗುತ್ತದೆ?"

ಸಮಿತಿ ಬಿಟ್ಟುಬಿಡುವ ಮಾತು ಪ್ರಲ್ಹಾದನ ನಾಲಿಗೆಯ ತುದಿಗೆ ಬಂದಿತ್ತು. ಬಿಟ್ಟರೆ ಇರುವ ಹದಿನಾಲ್ಕು ನಿಮಿಷವೂ ಹೋಗುತ್ತದೆ ಎನ್ನಿಸಿತು. ಮೆಟ್ಟಿಲಿಳಿದು ಬಂದು ಮಾಂತುವಿಗೆ ಕಾಗದ ಬರೆದ: ಹಾಡುವವರು ಪಾರವ್ವ ಒಬ್ಬರೇ, ಆದರೆ ಅವ್ವನನ್ನೂ ಕರೆದುಕೊಂಡು ಬನ್ನಿ. ಯಾಕೆ ಒಬ್ಬರೇ ಎಂದು ಬರೆಯಲು ಎರಡು ಸಲ ಕೂತ, ಎರಡು ಸಲವೂ ಹಾಳೆ ಹರಿದ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡ.

ಬಂದರು. ಭೀಮವ್ವನ ಬಲಗೈ ಮಡಿಲಲ್ಲಿ ಬಿದ್ದಿತ್ತು, ಬಾಯಿ ಒಂದು ಕಡೆ ವಾಲಿತ್ತು, ಕಣ್ಣು ಮಾತ್ರ ಹತ್ತು ವರ್ಷದ ಹಿಂದಿನವೇ. ಧನಕವಡಿಯ ಮನೆಯಲ್ಲಿ ಆಕೆ ಪಾರವ್ವನಿಗೆ ಆತು ಕೂತು ಎಲ್ಲವನ್ನೂ ನೋಡಿ ನಗುತ್ತಿದ್ದಳು. ಹೇಳಬೇಕಾದ್ದನ್ನು ಪ್ರಲ್ಹಾದ ಊಟದ ಮೊದಲು ಹೇಳಲಿಲ್ಲ, ಊಟದ ನಂತರವೂ ಹೇಳಲಿಲ್ಲ. ಏನಂತ ಹೇಳುವುದು? ನಿಮ್ಮ ದನಿ ಇಲ್ಲದ ಜಾಗವೇ ಇಲ್ಲಿಯವರಿಗೆ ಇಷ್ಟ ಎಂದು ಹೇಳುವುದೆ?

ಸಂಜೆ ಆಕೆಯನ್ನು ಎರಡನೆಯ ಸಾಲಿನ ತುದಿಯಲ್ಲಿ ಮಾಂತುವಿನ ಪಕ್ಕ ಕೂರಿಸಿದರು. ಮುಂದೆ ವಿದೇಶದ ಅತಿಥಿಗಳು ಕೂತರು. ಸ್ನೇಹಲ್ ಮೂರು ಭಾಷೆಯಲ್ಲಿ ಮೌನದ ಬಗ್ಗೆ ಮಾತಾಡಿದಳು. ದೀಪ ಸಣ್ಣದಾಯಿತು. ಪಾರವ್ವ ಕಲ್ಲು ತಿರುಗಿಸಿದಳು, ತಲೆ ಬಾಗಿಸಿದಳು, ಕಾದಳು, ಮೊದಲ ಸಾಲಿನ ಬಾಲ ಹಾಡಿದಳು. ಮತ್ತೆ ಕಾದಳು.

ಆ ಕಾಯುವಿಕೆಯ ನಡುವೆ ಎರಡನೆಯ ಸಾಲಿನಿಂದ ಒಂದು ದನಿ ಎದ್ದಿತು. ದಪ್ಪ, ಒರಟು, ಅಕ್ಷರಗಳು ಒಂದಕ್ಕೊಂದು ತಗುಲಿಕೊಂಡ ದನಿ.

*ದೊಡ್ಡೂರ ಮಂದ್ಯಾಗ ಗೆಳತಿ ಒಬ್ಬಾಕಿ ಕುಂತಾಳ...*

ಪಾರವ್ವ ಸಟ್ಟನೆ ತಲೆ ಎತ್ತಿದಳು. ಕತ್ತಲಲ್ಲಿ ಅವಳಿಗೆ ಯಾರೂ ಕಾಣುವಂತಿರಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಆ ಸಾಲು ಯಾವ ಟೇಪಿನಲ್ಲೂ ಇರಲಿಲ್ಲ, ಆ ಗಳಿಗೆಯಲ್ಲಿ ಕಟ್ಟಿದ್ದು. ಆದರೂ ಕೂದಲೆಳೆಯಷ್ಟು ಸಂದಿ ಬಿಡದೆ ಅವಳು ಹಿಡಿದಳು.

*ನನ ದನಿಯ ಕೇಳಿ ನಕ್ಕಾಳ!*

ಅವಳ ಮುಖ ನಿಜವಾಗಿಯೂ ನಗುತ್ತಿತ್ತು. ಕಲ್ಲು ಜೋರಾಗಿ ತಿರುಗಿತು. ಭೀಮವ್ವ ಇನ್ನೊಂದು ಎತ್ತಿದಳು, ಪಾರವ್ವ ಮುಗಿಸಿದಳು. ಪರದೆಯ ಹಿಂದೆ ಪ್ರಲ್ಹಾದನ ಕೈಯಿಂದ ಪೆನ್ಸಿಲು ಬಿತ್ತು. ಹತ್ತು ವರ್ಷಗಳಿಂದ ಅವನು ಪುಣೆಗೆ ಕೇಳಿಸಬೇಕೆಂದಿದ್ದ ಹಾಡು ಅದೇ.

"ಶ್!" ಎಂದರು ಮುಂದಿನ ಸಾಲಿನಿಂದ ಯಾರೋ. ಹಿಂದಿನಿಂದ ಇನ್ನೊಬ್ಬರು, "ಶಾಂತತಾ, ಶಾಂತತಾ!" ಎಂದರು. ಕುರ್ಚಿಗಳು ಕಿರುಗುಟ್ಟಿದವು. ವಿದೇಶದ ಹೆಂಗಸೊಬ್ಬಳು ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಕನಿಕರದ ನಗೆ ನಕ್ಕಳು. ಭೀಮವ್ವನಿಗೆ ಅದು ತನಗೆಂದು ತಿಳಿಯಲಿಲ್ಲ. ಮೂರನೆಯದನ್ನು ಎತ್ತಿದಳು.

ಪರಚುರೆ ಪರದೆಯ ಹಿಂದೆ ಬಂದು ಪ್ರಲ್ಹಾದನ ತೋಳು ಹಿಡಿದರು. "ನಿಮ್ಮ ಭಾಷೆಯವರು. ನೀವೇ ಹೋಗಿ ಹೇಳಿ. ಬೇರೆಯವರು ಹೋದರೆ ಗದ್ದಲವಾಗುತ್ತದೆ. ಬೇಗ."

ಆಗುವುದಿಲ್ಲ ಎನ್ನಬಹುದಿತ್ತು. ಎಷ್ಟೋ ವರ್ಷ ಆಮೇಲೂ ಪ್ರಲ್ಹಾದ ಅದನ್ನೇ ಯೋಚಿಸುತ್ತಿದ್ದ. ಆದರೆ ಅವನ ಕಾಲು ಆಗಲೇ ಮೆಟ್ಟಿಲಿಳಿದಿತ್ತು. ಬಗ್ಗಿಕೊಂಡು ಎರಡನೆಯ ಸಾಲಿಗೆ ಹೋಗಿ ಭೀಮವ್ವನ ಪಕ್ಕ ಮೊಣಕಾಲೂರಿದ. ಆಕೆ ಅವನನ್ನು ನೋಡಿ, ಹಾಡು ಹೇಗಿದೆ ಎಂದು ಕೇಳುವಂತೆ ಹುಬ್ಬು ಹಾರಿಸಿದಳು.

"ಅವ್ವಾ," ಎಂದ. "ಅವ್ವಾ, ಸ್ವಲ್ಪ ಸುಮ್ಮಿರ್ರಿ."

ಭೀಮವ್ವ ತಟ್ಟನೆ ನಿಲ್ಲಿಸಿದಳು. ಸಾಲು ಅರ್ಧಕ್ಕೂ ಬಂದಿರಲಿಲ್ಲ. ದೊಡ್ಡವರ ಮನೆಯಲ್ಲಿ ಏನೋ ತಪ್ಪು ಮಾಡಿದವಳಂತೆ ಎಡಗೈಯಿಂದ ಸೆರಗೆಳೆದು ಬಾಯಿಗೆ ಇಟ್ಟುಕೊಂಡಳು. ಮಾಂತು ಎದ್ದು ಹೊರಗೆ ಹೋದ.

ವೇದಿಕೆಯ ಮೇಲೆ ಪಾರವ್ವ ಕಾಯುತ್ತಿದ್ದಳು. ಬರುತ್ತಿದ್ದ ಸಾಲು ಬಾರದೆ ನಿಂತುಬಿಟ್ಟಿತ್ತು, ಎಲ್ಲಿ ಹಿಡಿಯುವುದೆಂದು ಅವಳಿಗೆ ತಿಳಿಯಲಿಲ್ಲ. ಕಿವಿಯೊಳಗಿನ ಟೇಪು ಕೂಡ ಈಗ ಅವಳ ಕೈಗೆ ಸಿಗಲಿಲ್ಲವೆಂದು ಕಾಣುತ್ತದೆ. ಕಲ್ಲಿನ ಮೇಲೆ ಕೈಯಿಟ್ಟು ಕತ್ತಲನ್ನೇ ನೋಡುತ್ತ ಕೂತಳು. ಒಂದು ನಿಮಿಷವಾಯಿತು, ಎರಡಾಯಿತು, ನಾಲ್ಕಾಯಿತು. ಜನ ಉಸಿರು ಬಿಗಿಹಿಡಿದು ಕೇಳಿದರು. ದೀಪದವನು ತಾನೇ ತಿಳಿದುಕೊಂಡು ಬೆಳಕನ್ನು ನಿಧಾನವಾಗಿ ಆರಿಸಿದ. ಚಪ್ಪಾಳೆ ಮುಗಿಯಲೇ ಇಲ್ಲ. ಇಂಥದ್ದನ್ನು ತಾವು ಎಲ್ಲೂ ಕೇಳಿಲ್ಲ ಎಂದು ಮೂರು ದೇಶದವರೂ ಪರಚುರೆಯವರ ಕೈ ಕುಲುಕಿದರು.

ಮರುದಿನ ಬೆಳಿಗ್ಗೆ ಪ್ರಲ್ಹಾದ ಅವರನ್ನು ಸ್ವಾರಗೇಟಿಗೆ ಕರೆತಂದ. ಇಂದೂ ದಾರಿಗೆಂದು ಚಪಾತಿ ಕಟ್ಟಿಕೊಟ್ಟಿದ್ದಳು. ಭೀಮವ್ವನನ್ನು ಬಸ್ಸಿನ ಮುಂದಿನ ಸೀಟಿಗೆ ಏರಿಸಲು ಮೂವರೂ ಕೈಗೊಟ್ಟರು. ಕಿಟಕಿಯ ಪಕ್ಕ ಕೂತು ಆಕೆ ಅವನನ್ನೇ ನೋಡಿದಳು.

"ನಾ... ತಪ್ಪ ಹಾಡಿದ್ನೇನಪಾ?"

"ಇಲ್ಲವ್ವಾ. ತಪ್ಪಿಲ್ಲ."

"ಮತ್ತ್ಯಾಕ... ಸುಮ್ಮಿರು ಅಂದಿ?"

ಪ್ರಲ್ಹಾದ ಕಿಟಕಿಯ ಸರಳು ಹಿಡಿದು ನಿಂತ. ಹೇಳಲು ಹೊರಟರೆ ಮೂರು ವರ್ಷದ ಕಥೆ ಹೇಳಬೇಕು, ಹೇಳಿದರೂ ಆಕೆಗೆ ಅದು ಏನೆಂದು ತಿಳಿದೀತು? ಅವನಿಗೇ ತಿಳಿದಿರಲಿಲ್ಲ. ಪಾರವ್ವ ಭೀಮವ್ವನ ತಲೆಯ ಮೇಲೆ ಸೆರಗು ಸರಿಮಾಡಿದಳು.

"ಬಿಡಕ್ಕಾ. ಅವರರ ಏನ ಮಾಡ್ತಾರ, ಅವರ ಕೈಯಾಗ ಏನದ," ಎಂದಳು. ಅವನ ಕಡೆ ತಿರುಗಿ, "ಮುಂದಿನ ವರ್ಷ ನಾ ಬರಂಗಿಲ್ರಿ ಸಾಹೇಬ್ರ. ಸಿಟ್ಟಿಲೆ ಅಲ್ಲ. ಅಕಿ ಇದ್ದೂ ಅಕಿಗಾಗಿ ಹಾದಿ ಕಾಯೂದು ನನ್ನ ಕೈಲೆ ಆಗೂದುಲ್ಲ" ಎಂದಳು.

"ಹೂಂ" ಎಂದ ಪ್ರಲ್ಹಾದ.

ಬಸ್ಸು ಹೊರಟಿತು. ಕಾತ್ರಜದ ಕಡೆ ತಿರುಗುವವರೆಗೂ ಭೀಮವ್ವನ ಎಡಗೈ ಕಿಟಕಿಯಲ್ಲಿ ಕಾಣುತ್ತಿತ್ತು. ಅವನು ಅಲ್ಲೇ ಕಟ್ಟೆಯ ಮೇಲೆ ಕೂತ. ಒಂದು ಚಹ ಕುಡಿದ, ಇನ್ನೊಂದು ತರಿಸಿ ಕುಡಿಯದೆ ಬಿಟ್ಟ. ಉತ್ಸವದ ಮೂರನೆಯ ಸಂಜೆ ಇನ್ನೂ ಬಾಕಿ ಇತ್ತು. ರಾಜಸ್ಥಾನದ ತಂಡದವರು ಹನ್ನೊಂದಕ್ಕೆ ಮೈಕು ಪರೀಕ್ಷೆಗೆ ಬರುವವರಿದ್ದರು, ಅವರ ಹಾಳೆ ಅವನ ಚೀಲದಲ್ಲಿತ್ತು. ಹತ್ತೂಮುಕ್ಕಾಲಿಗೆ ಅವನು ಎದ್ದು ರಿಕ್ಷಾ ಹಿಡಿದ.